ದಿನ್ನಿಯ ಮೇಲೆ ನಿಂತ ಮಾವನವರು

ನಮ್ಮ ಅಡುಗೆಮನೆಯಲ್ಲಿ ಕುಸುಬಿ ಎಣ್ಣೆಯ ಬಾಟಲಿಗೆ ಒಂದು ಬೂಚು ಇದೆ. ಬಾಟಲಿಗಳು ಎಷ್ಟೋ ಬದಲಾದವು, ಕಟ್ಟಿಗೆಯ ಒಲೆ ಹೋಗಿ ಸ್ಟೋವು ಬಂತು, ಸ್ಟೋವು ಹೋಗಿ ಗ್ಯಾಸು ಬಂತು. ಬೂಚು ಮಾತ್ರ ಅದೇ. ಎಣ್ಣೆ ಕುಡಿದು ಕುಡಿದು ಅದರ ಬಣ್ಣ ಹಳೆಯ ಬೆಲ್ಲದ ಹಾಗಾಗಿದೆ. ಒಂದು ಬದಿಗೆ ನನ್ನ ಹಲ್ಲಿನ ಗುರುತೂ ಇದೆ. ಕೈಗೆ ಹಿಟ್ಟು ಮೆತ್ತಿಕೊಂಡಿರುವಾಗ ಬೂಚನ್ನು ಹಲ್ಲಿನಿಂದಲೇ ಕೀಳುವ ಚಾಳಿ ನನಗೆ. ಕಾನ್ವೆಂಟಿನಲ್ಲಿ ಓದಿದವಳು ಹೀಗೆ ಮಾಡುವುದೇ ಎಂದು ನಮ್ಮ ಮನೆಯವರು ಇಂದಿಗೂ ಕೇಳುತ್ತಾರೆ. ಕಾನ್ವೆಂಟಿನಲ್ಲಿ ನಾವು ಏನೇನನ್ನು ಹಲ್ಲಿನಿಂದ ಕೀಳುತ್ತಿದ್ದೆವು ಎಂಬುದು ಪಾಪ, ಅವರಿಗೆ ಗೊತ್ತಿಲ್ಲ.

ಮೊನ್ನೆ ಮಗಳು ಸುವರ್ಣಾ ಗುಲ್ಬರ್ಗಾದಿಂದ ಬಂದಿದ್ದಳು. ಬಂದವಳು ಅಡುಗೆಮನೆ ಸ್ವಚ್ಛ ಮಾಡಲು ನಿಂತಳು. ಹೆಣ್ಣುಮಕ್ಕಳು ತವರಿಗೆ ಬಂದು ಅಡುಗೆಮನೆ ಸ್ವಚ್ಛ ಮಾಡುವುದೆಂದರೆ ತಾಯಿ ಕೂಡಿಟ್ಟದ್ದನ್ನೆಲ್ಲ ಎಸೆಯುವುದು. ಬೂಚನ್ನು ಎರಡು ಬೆರಳಿನಲ್ಲಿ ಸತ್ತ ಜೀರುಂಡೆಯನ್ನು ಹಿಡಿದ ಹಾಗೆ ಹಿಡಿದು, "ಅವ್ವಾ, ಇದರ ಜೀವ ಎಂದೋ ಹೋಗೇದ. ಛಲೋದೊಂದು ಮುಚ್ಚಳ ಹಾಕ್ತೇನಿ" ಅಂದಳು. ನಾನು ಅವಳ ಕೈಯಿಂದ ಅದನ್ನು ಕಸಿದುಕೊಂಡ ರೀತಿಗೆ ಅವಳು ಗಾಬರಿಯಾದಳು. ನನಗೂ ಸ್ವಲ್ಪ ನಾಚಿಕೆಯಾಯಿತು. ಆದರೆ ಆ ಬೂಚು ಮೂಲದಲ್ಲಿ ಬಾಟಲಿಯದೇ ಅಲ್ಲ. ಅದು ಸೈಕಲ್ಲಿನ ಹ್ಯಾಂಡಲ್ಲಿನಿಂದ ನಿವೃತ್ತಿಯಾಗಿ ಬಾಟಲಿಗೆ ಬಂದದ್ದು. ಹ್ಯಾಂಡಲ್ಲಿಗೆ ಬರುವ ಮೊದಲು ಅದು ಒಂದು ದ್ವೀಪದ ಕಾಡಿನಲ್ಲಿ ಮರದ ತೊಗಟೆಯಾಗಿತ್ತು. ಇಷ್ಟು ದೂರ ನಡೆದು ಬಂದದ್ದನ್ನು ಎಸೆಯಲು ಯಾರಿಗಾದರೂ ಮನಸ್ಸು ಬರುತ್ತದೆಯೇ, ನೀವೇ ಹೇಳಿ.

ನಾನು ಹುಟ್ಟಿದ್ದು ಆಳಂದದಲ್ಲಿ. ನಮ್ಮಪ್ಪನದು ಬಟ್ಟೆ ಅಂಗಡಿ. ಮಗಳು ಇಂಗ್ಲಿಷ್ ಕಲಿಯಲಿ ಎಂದು ನನ್ನನ್ನು ಗುಲ್ಬರ್ಗಾದ ಕಾನ್ವೆಂಟಿಗೆ ಹಾಕಿ, ಅಲ್ಲಿಯ ಹಾಸ್ಟೆಲಿನಲ್ಲಿ ಬಿಟ್ಟು ಬಂದರು. ಅಲ್ಲಿ ಭೂಗೋಳವನ್ನೂ ಹೊಲಿಗೆಯನ್ನೂ ಕಲಿಸುತ್ತಿದ್ದವರು ಸಿಸ್ಟರ್ ರೋಸಾಲಿಯಾ. ಅವರ ಊರು ಸಾರ್ಡೀನಿಯಾ ಎಂಬ ದ್ವೀಪ. ಇಟಲಿ ದೇಶ ಭೂಪಟದಲ್ಲಿ ಬೂಟಿನ ಹಾಗೆ ಕಾಣುತ್ತದೆಂದು ನಿಮಗೂ ಗೊತ್ತು. ಯಾರೋ ಆ ಬೂಟನ್ನು ಬಿಚ್ಚಿಟ್ಟು ಬರಿಗಾಲಿನಲ್ಲಿ ಸಮುದ್ರದ ಮೇಲೆ ಒಂದು ಹೆಜ್ಜೆ ಇಟ್ಟರಂತೆ; ಆ ಹೆಜ್ಜೆಯ ಗುರುತೇ ತಮ್ಮ ಊರು ಎಂದು ಸಿಸ್ಟರು ಹೇಳುತ್ತಿದ್ದರು. ಅವರು ಕನ್ನಡ ಕಲಿತದ್ದು ಕಾನ್ವೆಂಟಿನ ಅಡುಗೆಯ ಹೆಂಗಸರಿಂದ. ಹೀಗಾಗಿ ಬೆಳ್ಳಗಿನ ಮುಖ, ಬೆಳ್ಳಗಿನ ಉಡುಪು, ಬಾಯಿ ತೆರೆದರೆ ಅಪ್ಪಟ ಗುಲ್ಬರ್ಗಾ. "ಹಂಗ್ಯಾಕ ಕುಂತೀರಿ, ಬರ್ರಿ ಇಲ್ಲಿ, ಬರ್ರಿ" ಎಂದು ಅವರು ಕರೆದರೆ ಹೊಸದಾಗಿ ಬಂದ ಹುಡುಗಿಯರು ಯಾರು ಕರೆದರೆಂದು ಹಿಂದೆ ತಿರುಗಿ ನೋಡುತ್ತಿದ್ದರು.

ಆ ದ್ವೀಪದಲ್ಲಿ ಸಪಾಟು ಜಾಗವೇ ಕಡಿಮೆಯಂತೆ. ಎಲ್ಲ ಬೆಟ್ಟ, ಬೆಟ್ಟದ ತುಂಬ ಕಾಡು, ಕಾಡಿನ ನಡುವೆ ಸುತ್ತಿ ಸುತ್ತಿ ಏರುವ ರಸ್ತೆ. ಸಿಸ್ಟರ ತಂದೆಯದು ಬೂಚಿನ ಮರ ಸುಲಿಯುವ ಕೆಲಸ. ಮರವನ್ನು ಕಡಿಯುವುದಿಲ್ಲ, ಹಣ್ಣಿನ ಸಿಪ್ಪೆ ತೆಗೆದ ಹಾಗೆ ತೊಗಟೆಯನ್ನಷ್ಟೇ ಬಿಡಿಸುತ್ತಾರೆ. ಸುಲಿದ ಮರದ ಕಾಂಡ ಕಾವಿ ಬಳಿದ ಹಾಗೆ ಕೆಂಪಗೆ ನಿಲ್ಲುತ್ತದೆ. ಮತ್ತೆ ತೊಗಟೆ ಬೆಳೆಯಲು ವರುಷಗಟ್ಟಲೆ ಬೇಕು. ಕಾಡಿನಲ್ಲಿ ಕೆಲಸ ಮಾಡುವ ತಂದೆಗೆ ರೊಟ್ಟಿ ಮುಟ್ಟಿಸುವುದು ಚಿಕ್ಕ ರೋಸಾಲಿಯಾಳ ಪಾಲಿನ ಕೆಲಸವಾಗಿತ್ತು. ಅವರ ಕಡೆಯ ರೊಟ್ಟಿಯೂ ನಮ್ಮ ಕಡಕ್ ರೊಟ್ಟಿಯಂಥದೇ. ತೆಳ್ಳಗೆ, ಮುರಿದರೆ ಸದ್ದು ಮಾಡುವಂಥದು, ದಿನಗಟ್ಟಲೆ ಕೆಡದೆ ಇರುವಂಥದು. ಇದನ್ನು ಕೇಳಿದ ದಿನವೇ ಸಿಸ್ಟರು ನಮ್ಮವರಾದರು. ಜೋಳ ಬೆಳೆಯದ ದೇಶದಲ್ಲೂ ಕಡಕ್ ರೊಟ್ಟಿ ಇದೆ ಎಂದರೆ ಆ ದೇಶವನ್ನು ಪರದೇಶ ಅನ್ನುವುದು ಹೇಗೆ?

ಅಣ್ಣನ ಸೈಕಲ್ಲಿಗೆ ರೊಟ್ಟಿಯ ಗಂಟು ಕಟ್ಟಿಕೊಂಡು ಅವರು ದಿನಾಲು ಬೆಟ್ಟ ಏರುತ್ತಿದ್ದರು. ಆ ಅಣ್ಣ ಬೆಟ್ಟದ ರಸ್ತೆಗಳಲ್ಲಿ ಸೈಕಲ್ ಪಂದ್ಯಕ್ಕೆ ಹೋಗುವವನು. ಅವನ ಹ್ಯಾಂಡಲ್ಲಿನ ಎರಡು ತುದಿಗೂ ಬೂಚು ತುರುಕಿರುತ್ತಿತ್ತಂತೆ. ಬಿದ್ದರೆ ಕೊಳವೆಯ ತುದಿ ಹೊಟ್ಟೆಗೆ ತಿವಿಯಬಾರದು ಎಂದು. ಸಿಸ್ಟರು ಕರಿಹಲಗೆಯ ಮೇಲೆ ಆ ರಸ್ತೆಯನ್ನು ಬರೆದು ತೋರಿಸಿದಾಗ ನಮಗೆ ಅದು ಜಿಲೇಬಿಯ ಹಾಗೆ ಕಂಡಿತ್ತು. ನಮ್ಮ ಕಡೆ ರಸ್ತೆಯೆಂದರೆ ದಾರ ಎಳೆದ ಹಾಗೆ, ಆಳಂದದಲ್ಲಿ ನಿಂತು ನೋಡಿದರೆ ಬಸ್ಸು ಬರುವ ಎಷ್ಟೋ ಹೊತ್ತಿನ ಮೊದಲೇ ಅದರ ಧೂಳು ಕಾಣಬೇಕು. ಇಷ್ಟು ಸೊಟ್ಟ ಯಾಕೆ ಹಾಕಿದರು, ನೇರ ಹಾಕಲು ಬರುತ್ತಿರಲಿಲ್ಲವೇ ಎಂದು ಕೇಳಿದೆವು. ನೇರ ಹಾಕಿದರೆ ಹತ್ತುವವರು ಯಾರು ಎಂದು ಸಿಸ್ಟರು ನಕ್ಕರು. ಆಮೇಲೆ ನಮಗೆಲ್ಲ ಒಂದು ಪರ್ವತ ಬರೆಯಲು ಹೇಳಿದರು. ಪರ್ವತ ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಬಣವೆ ಬರೆದೆವು. ಜೇವರ್ಗಿಯ ಹಸೀನಾ ಪರ್ವತದ ಪಕ್ಕದಲ್ಲಿ ಒಂದು ಎಮ್ಮೆಯನ್ನೂ ಬರೆದು, ಅದು ಪರ್ವತವನ್ನು ಮೇಯುತ್ತಿರುವಂತೆ ತೋರಿಸಿದ್ದಳು. ಅವಳಿಗೆ ಹೆಚ್ಚು ಅಂಕ ಬಂತು.

ಕಾನ್ವೆಂಟಿನ ಹಿತ್ತಲಿನಲ್ಲಿ ಬಾವಿ ತೋಡಿದಾಗ ಹಾಕಿದ ಮಣ್ಣಿನ ಗುಡ್ಡೆಯೊಂದಿತ್ತು. ಸಿಸ್ಟರು ಅದನ್ನೇ ತಮ್ಮ ಬೆಟ್ಟ ಮಾಡಿಕೊಂಡು, ಕಾನ್ವೆಂಟಿನ ಲೇಡೀಸ್ ಸೈಕಲ್ಲಿನ ಮೇಲೆ ನಮ್ಮನ್ನು ಅದಕ್ಕೆ ಹತ್ತಿಸಲು ಶುರುಮಾಡಿದರು. ಊರಿನಿಂದ ಯಾರೋ ತಂದುಕೊಟ್ಟ ತೊಗಟೆಯ ತುಂಡನ್ನು ಬ್ಲೇಡಿನಿಂದ ಕೊರೆದು ಆ ಸೈಕಲ್ಲಿನ ಹ್ಯಾಂಡಲ್ಲಿಗೂ ಬೂಚು ಹಾಕಿದ್ದರು. ಏರು ಹತ್ತುವುದಕ್ಕೆ ಅವರದೊಂದು ಪಾಠವಿತ್ತು. ಎದ್ದು ನಿಂತು ತುಳಿಯಬಾರದು, ಕೂತೇ ತುಳಿಯಬೇಕು. ತುದಿ ನೋಡಬಾರದು, ಗಾಲಿಯ ಮುಂದಿನ ನೆಲವನ್ನಷ್ಟೇ ನೋಡಬೇಕು. ಬಾಯಲ್ಲಿ ಏನಾದರೂ ಹೇಳುತ್ತಿರಬೇಕು. ಹೇಳಲು ಉಸಿರು ಸಾಲದಿದ್ದರೆ ಜೋರು ಮಾಡುತ್ತಿದ್ದೀ ಎಂದು ಅರ್ಥ. ಸಿಸ್ಟರು ಜಪ ಹೇಳಿಕೊಳ್ಳುತ್ತಿದ್ದರು. ನೀವು ನಿಮಗೆ ಬಂದದ್ದು ಹೇಳಿರಿ ಅಂದರು. ಹಸೀನಾ ತನ್ನ ಖಾಲಾಗಳ, ಅಂದರೆ ತಾಯಿಯ ಅಕ್ಕತಂಗಿಯರ, ಹೆಸರು ಹೇಳುತ್ತಿದ್ದಳು. ಅವಳಿಗೆ ಅಷ್ಟು ಖಾಲಾಗಳಿದ್ದರು. ನಾನು ಆಳಂದದ ನಮ್ಮ ಓಣಿಯ ಮನೆಗಳನ್ನು ಹೇಳುತ್ತಿದ್ದೆ. ಓಣಿಯ ಬಾಯಿಗೆ ಬಳೆಗಾರರ ಮನೆ, ಆಮೇಲೆ ಪತ್ತಾರರ ಮನೆ, ದರ್ಜಿ ಸಾಹೇಬರ ಮನೆ, ಬೇವಿನ ಗಿಡದವರ ಮನೆ... ಹೀಗೆ ಹೋಗಿ ಕೊನೆಗೆ ನಮ್ಮ ಮನೆ. ಅದು ನನಗೆ ಹೊಸದೇನಲ್ಲ. ಹಾಸ್ಟೆಲಿನಲ್ಲಿ ನಿದ್ದೆ ಬಾರದಿದ್ದಾಗ ಅದನ್ನೇ ಹೇಳಿಕೊಳ್ಳುತ್ತಿದ್ದೆ. ಮನೆ ಮುಟ್ಟಿ ಕದ ತಟ್ಟುವುದರೊಳಗೆ ನಿದ್ದೆ ಬರುತ್ತಿತ್ತು. ಒಳಗೆ ಹೋದದ್ದು ಒಮ್ಮೆಯೂ ಇಲ್ಲ.

ಎಲ್ಲ ಕಲಿಸಿದ ಸಿಸ್ಟರಿಗೆ ನಮ್ಮ ಒಂದು ನಡತೆ ಮಾತ್ರ ಅರ್ಥವಾಗಲಿಲ್ಲ. ಅರ್ಧ ಗುಡ್ಡೆ ಹತ್ತಿದ್ದಾಗ ಅವರು ಎದುರಿಗೆ ಬಂದರೆ ಸಾಕು, ನಾವು ದಡದಡ ಇಳಿಯುತ್ತಿದ್ದೆವು. ಇಳಿಯಲು ಬಾರದವರು ಬೀಳುತ್ತಿದ್ದೆವು. ನಿಮಗೆ ಗೊತ್ತಿರಬಹುದು, ನಮ್ಮ ಕಡೆ ಹಿರಿಯರು ಎದುರಾದರೆ ಸೈಕಲ್ ಮೇಲೆ ಕೂತು ಹೋಗುವುದಿಲ್ಲ. ಇಳಿದು, ಹಿಡಿದುಕೊಂಡು ನಡೆದು, ಅವರನ್ನು ದಾಟಿದ ಮೇಲೆ ಮತ್ತೆ ಹತ್ತಬೇಕು. ಊರಬಾಗಿಲಿನ, ಅಂದರೆ ಅಗಸಿಯ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರಂತೂ ದೊಡ್ಡ ದೊಡ್ಡ ನೌಕರಿಯವರೂ ಅಗಸಿ ದಾಟುವ ತನಕ ಪಾದಚಾರಿಗಳೇ. ಇದನ್ನು ಯಾರೂ ನಮಗೆ ಕಲಿಸಿದ್ದಲ್ಲ. ನಮ್ಮಪ್ಪ ಇಳಿಯುವುದನ್ನು ನೋಡಿದ್ದೆವು, ನಮ್ಮ ಕಾಲುಗಳು ಕಲಿತಿದ್ದವು.

"ನನ್ನ ನೋಡಿ ಯಾಕ ಬೀಳ್ತೀರಿ? ನಾ ದೆವ್ವೇನು?" ಎಂದು ಸಿಸ್ಟರು ಒಂದು ದಿನ ಸೊಂಟದ ಮೇಲೆ ಕೈ ಇಟ್ಟು ಕೇಳಿದರು. ನಾವು ಪದ್ಧತಿ ಹೇಳಿದೆವು. ಅವರು ನಮ್ಮ ಮೊಣಕಾಲಿನ ಮಣ್ಣು ಜಾಡಿಸಿದರು. ಆಮೇಲೆ ಅಂದರು: "ಛಲೋ ಪದ್ಧತಿ. ಖರೆ, ಏರಿನಾಗ ಯಾರೂ ಹಿರಿಯರಲ್ಲ. ಬಿಷಪ್ಪರು ಬಂದ್ರೂ ಇಳಿಬ್ಯಾಡ್ರಿ, ಹೋರಿ ಬಂದ್ರೂ ಇಳಿಬ್ಯಾಡ್ರಿ. ಮ್ಯಾಲ ಹೋಗಿ ನಮಸ್ಕಾರ ಮಾಡ್ರಿ." ನಾವು ಹೌದ್ರಿ ಎಂದೆವು. ಮರುದಿನ ಅವರು ಎದುರಿಗೆ ಬಂದಾಗ ಮತ್ತೆ ಬಿದ್ದೆವು.

ಶಾಲೆ ಮುಗಿಸಿ ಹೊರಡುವ ದಿನ ಅವರು ಹ್ಯಾಂಡಲ್ಲಿನ ಒಂದು ತುದಿಯ ಬೂಚು ಕಿತ್ತು ನನ್ನ ಕೈಗಿಟ್ಟರು. ಒಂದು ನನ್ನ ಕಡೆ, ಒಂದು ನಿನ್ನ ಕಡೆ. ನಿನ್ನ ಸೈಕಲ್ ಬಂದಾಗ ಹಾಕಿಕೋ ಎಂದರು. ಬಂದದ್ದು ಸೈಕಲ್ ಅಲ್ಲ, ಅಫಜಲಪುರ ತಾಲೂಕಿನಿಂದ ವರ. ಬೂಚು ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಕೂತು ನನ್ನ ಜೊತೆ ಗಂಡನ ಮನೆಗೆ ಹೋಯಿತು.

ಗಂಡನ ಮನೆಯ ಊರು ಭೀಮೆಯ ದಂಡೆಯ ತಗ್ಗಿನಲ್ಲಿದೆ. ಅಗಸಿ ದಾಟಿದ ಕೂಡಲೇ ಅಫಜಲಪುರದ ರಸ್ತೆ ದಿನ್ನಿ ಏರಲು ಶುರುಮಾಡುತ್ತದೆ. ದಿನ್ನಿಯೆಂದರೆ ಸಿಸ್ಟರ ಬೆಟ್ಟವಲ್ಲ, ಸುತ್ತಲಿನ ಸಪಾಟು ನೆಲಕ್ಕೆ ಬಂದ ಒಂದು ಬಾವು ಅಷ್ಟೇ. ಆದರೆ ಬಸ್ಸೂ ಅಲ್ಲಿ ಗೊರಗೊರ ಅಂದೇ ಹತ್ತುತ್ತಿತ್ತು. ಎರಡೂ ಬದಿಗೆ ಜಾಲಿ ಕಂಟಿ. ಬೂಚಿನ ಮರದ ಕಾಡಿಗೆ ಬದಲಾಗಿ ನಮಗೆ ದೇವರು ಕೊಟ್ಟದ್ದು ಅದು. ತುದಿಯಲ್ಲಿ ಒಂದು ಬೇವಿನ ಮರ, ಅದರಾಚೆ ನಮ್ಮ ಮಾವನವರ ಹೊಲ. ಮಾವನವರು ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದರು. ಬಿಳಿ ಧೋತರ, ಬಿಳಿ ರುಮಾಲು, ಮಾತು ಕಡಿಮೆ. ನಾನು ಸೊಸೆಯಾಗಿ ಬಂದು ಹತ್ತು ವರುಷದ ಮೇಲಾದರೂ ಅವರ ಎದುರು ನಿಂತು ಮಾತಾಡಿದವಳಲ್ಲ. ಬಾಗಿಲ ಹಿಂದೆ ನಿಂತು ಮಾತಾಡುವುದು, ಅವರು ಬಾಗಿಲಿಗೆ ಉತ್ತರ ಕೊಡುವುದು, ಹೀಗೆ ನಮ್ಮ ಸಂಭಾಷಣೆ ನಡೆದಿತ್ತು.

ನಮ್ಮ ಮನೆಯವರಿಗೆ ಜೇವರ್ಗಿಯಲ್ಲಿ ನೌಕರಿ. ವಾರಕ್ಕೊಮ್ಮೆ ಬರುತ್ತಿದ್ದರು. ಅವರ ಕರಿಯ ಗಂಡಸರ ಸೈಕಲ್ಲು ಪಡಸಾಲೆಯಲ್ಲಿ ಗೋಡೆಗೆ ಒರಗಿ ಇದ್ದಲ್ಲೇ ಇರುತ್ತಿತ್ತು. ಹೀಗಿರುವಾಗ ಸುವರ್ಣಾ ನಾಲ್ಕನೆಯ ತರಗತಿ ಪಾಸಾದಳು. ನಮ್ಮೂರ ಶಾಲೆ ಇದ್ದದ್ದೇ ಅಷ್ಟು. ಮುಂದಕ್ಕೆ ಅಫಜಲಪುರ. ಆದರೆ ಬೆಳಗಿನ ಬಸ್ಸು ಬರುತ್ತಿದ್ದದ್ದು ಶಾಲೆಯ ಗಂಟೆ ಹೊಡೆದು ಪ್ರಾರ್ಥನೆಯೂ ಮುಗಿದ ಮೇಲೆ. ಮಾವನವರೂ ಇವರೂ ಕೂತು ಮಾತಾಡಿ, ಕೂಸನ್ನು ಆಳಂದಕ್ಕೆ ನನ್ನ ತವರಿಗೆ ಕಳಿಸುವುದು, ಅಲ್ಲೇ ಇದ್ದು ಓದಲಿ ಎಂದು ನಿರ್ಧರಿಸಿದರು. ತವರುಮನೆ ಎಂದರೆ ನನಗೆ ಸಂತೋಷವಾಗುತ್ತದೆಂದು ಇಬ್ಬರೂ ನಾನು ನಿಂತ ಬಾಗಿಲ ಕಡೆ ನೋಡಿದರು. ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ. ಆದರೆ ಆ ವಯಸ್ಸಿನ ಹುಡುಗಿ ಮನೆ ಬಿಟ್ಟು ಮಲಗುವುದೆಂದರೇನು ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನನ್ನ ಮಗಳು ಕಣ್ಣು ಮುಚ್ಚಿ ನಮ್ಮೂರ ಮನೆಗಳ ಹೆಸರು ಹೇಳಿಕೊಳ್ಳುವ ದಿನ ಬರಬಾರದಿತ್ತು.

ಅವತ್ತು ಬಾಗಿಲ ಹಿಂದಿನಿಂದ ನಾನೇ ಹೇಳಿದೆ: "ಸೈಕಲ್ ಮ್ಯಾಲ ನಾ ಕರ್ಕೊಂಡು ಹೋಗ್ತೇನ್ರಿ."

"ಯಾರ ಸೈಕಲ್? ನಂದಾ?" ಎಂದರು ನಮ್ಮ ಮನೆಯವರು. ಅವರ ಮೊದಲ ಚಿಂತೆ ಅದು. ಮಾವನವರು ಎಲೆ ಅಡಿಕೆ ಮಡಿಸುವುದನ್ನು ನಿಲ್ಲಿಸಿದರು. ಮನೆತನ, ಮರ್ಯಾದೆ ಎಂದು ಏನಾದರೂ ಅನ್ನುತ್ತಾರೆಂದು ಕಾದೆ. ಅವರು ಕೇಳಿದ್ದು ಬೇರೆ. ದಿನ್ನಿಯ ನಡುವೆ ದಮ್ಮು ಹತ್ತಿ ಇಳಿದರೆ ಹೇಗೆ? ಹಿಂದೆ ಕೂಸು, ಮೇಲಿನಿಂದ ಲಾರಿ. ಒಂದೇ ಉಸಿರಿಗೆ ಮೇಲೆ ಮುಟ್ಟಿದರೆ ಕೂಸು ಮನೆಯಲ್ಲೇ ಇರಲಿ. ನಡುವೆ ಇಳಿದರೆ ಆಳಂದ. ಬಾಗಿಲಿಗೆ ಇಷ್ಟು ಹೇಳಿ ಎಲೆ ಬಾಯಿಗಿಟ್ಟರು. ನ್ಯಾಯವಾದ ಮಾತು. ನಾನು ಒಪ್ಪಿದೆ. ನಿಜ ಹೇಳಬೇಕೆಂದರೆ ನನಗೆ ಅಷ್ಟೇನೂ ಹೆದರಿಕೆಯಾಗಲಿಲ್ಲ. ಬಾವಿ ಮಣ್ಣಿನ ಗುಡ್ಡೆ ಹತ್ತಿದವಳಿಗೆ ದಿನ್ನಿ ಯಾವ ಲೆಕ್ಕ ಎಂಬ ಸೊಕ್ಕು ಇತ್ತು.

ಸೊಕ್ಕು ಇಳಿದದ್ದು ಸೈಕಲ್ಲಿನ ಪಕ್ಕ ನಿಂತಾಗ. ನಾನು ಕಲಿತದ್ದು ಲೇಡೀಸ್ ಸೈಕಲ್ಲು. ಇದರ ನಡುವೆ ಅಡ್ಡ ದಂಡ. ಸೀರೆ ಉಟ್ಟವಳು ಅದನ್ನು ದಾಟಿ ಕೂರುವುದು ಹೇಗೆ? ನಾನು ನೆರಿಗೆಯನ್ನು ಆಚೆ ಈಚೆ ಮಾಡುತ್ತ ನಿಂತದ್ದನ್ನು ನೋಡಿ ಅತ್ತೆಯವರು ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಬಂದರು.

"ಕಾನ್ವೆಂಟಿನಾಗ ಕಚ್ಚಿ ಹಾಕೋದು ಕಲಿಸಿಲ್ಲೇನು ಬೇ? ನಾ ಬಂಡಿ ಹೊಡದಾಕಿ. ಕಚ್ಚಿ ಹಾಕಿದ್ರ ಕುದುರಿ ಮ್ಯಾಲೂ ಕೂಡಬೌದು. ಬಾ ಇಲ್ಲಿ."

ಹೊಲಕ್ಕೆ ಹೋಗುವ ಹೆಂಗಸರು ಕಚ್ಚೆ ಹಾಕುವುದನ್ನು ದಿನಾ ನೋಡಿದ್ದರೂ ಅದು ನನಗಲ್ಲ ಎಂದುಕೊಂಡಿದ್ದೆ. ಅತ್ತೆ ಇಳಕಲ್ ಸೀರೆಯೊಂದನ್ನು ನನಗೆ ಸುತ್ತಿ, ಹಿಂದಕ್ಕೆ ಎಳೆದು ಬಿಗಿದು ಸಿಕ್ಕಿಸಿದರು. ದಂಡವೂ ದಾಟಿತು, ಸೆರಗೂ ಸರಪಳಿಗೆ ಸಿಗಲಿಲ್ಲ. ಉಳಿದದ್ದು ಒಂದೇ ತೊಡಕು. ಆ ಎತ್ತರದ ಸೈಕಲ್ಲಿಗೆ ನೆಲದಿಂದ ಹತ್ತಲು, ಅದರಿಂದ ನೆಲಕ್ಕೆ ಇಳಿಯಲು ನನಗೆ ಬರಲಿಲ್ಲ. ಕಲ್ಲೋ ಕಟ್ಟೆಯೋ ಕಾಲಿಗೆ ಸಿಗಬೇಕು. ನಮ್ಮ ಮನೆ ಬಾಗಿಲಲ್ಲಿ ಕಟ್ಟೆ ಇತ್ತು, ಅಗಸಿಯ ಹೊರಗೆ ಒಂದು ಬೋರಲು ಒರಳುಕಲ್ಲು ಇತ್ತು. ದಿನ್ನಿಯ ಮೇಲೆ ಯಾವುದೂ ಇರಲಿಲ್ಲ. ಅಲ್ಲಿ ಇಳಿದೆನೆಂದರೆ ಇಳಿದೆ, ಅಷ್ಟೇ.

ಹಿತ್ತಲಿನ ಕಣ ರಾಶಿ ಮುಗಿದು ಖಾಲಿ ಬಿದ್ದಿತ್ತು. ಅಲ್ಲಿ ಸುತ್ತು ಹಾಕಿ ಹಾಕಿ ಕಾಲಿಗೆ ಹಳೆಯದೆಲ್ಲ ನೆನಪಾಯಿತು. ಹ್ಯಾಂಡಲ್ಲಿನ ಒಂದು ತುದಿಯ ರಬ್ಬರು ಹರಿದಿತ್ತು. ಅದನ್ನು ಕಿತ್ತು ಟ್ರಂಕಿನಿಂದ ಬೂಚು ತೆಗೆದು ತುರುಕಿದೆ. ಅಳತೆ ತೆಗೆದು ಮಾಡಿದ ಹಾಗೆ ಕೂತಿತು.

ಮೊದಲ ಸಲವೇ ಕೂಸನ್ನು ಕೂರಿಸುವುದು ಬೇಡ, ಅವಳ ತೂಕದ ಜೋಳ ಕಟ್ಟಿಕೊಂಡು ಹತ್ತಲಿ ಎಂದರು ಮಾವನವರು. ತೊಗರಿ ತೂಗುವ ದೊಡ್ಡ ತಕ್ಕಡಿಯ ಒಂದು ಪರಡಿಯಲ್ಲಿ ಸುವರ್ಣಾಳನ್ನು ಕೂರಿಸಿ ಇನ್ನೊಂದರಲ್ಲಿ ಜೋಳ ಸುರಿದೆವು. ಪಕ್ಕದ ಮನೆಯ ಖಾಜಾಬೀ ಗೋಡೆಯ ಮೇಲಿನಿಂದ ಇಣುಕಿ, "ಇಷ್ಟ ಜೋಳೇನು? ಯಕ್ಕ, ಕೂಸಿಗೆ ಉಣ್ಣಾಕ ಹಾಕು. ಕೋಳಿ ಇದಕ್ಕಿಂತ ತೂಕ ಬರ್ತದ" ಎಂದಳು. ಊರಲ್ಲಿ ಯಾವ ಕೆಲಸಕ್ಕೂ ಖಾಜಾಬೀಯ ಒಂದು ಮಾತು ಬೀಳದೆ ಅದು ಶುರುವಾಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅಗಸಿಯ ಕಟ್ಟೆಯ ಮೇಲೆ ಕೂತ ಹಿರಿಯರ ಎದುರು ತಲೆ ಬಗ್ಗಿಸಿ ಸೈಕಲ್ ಹಿಡಿದು ನಡೆದೆ. ಒರಳುಕಲ್ಲಿನ ಮೇಲಿಂದ ಹತ್ತಿದೆ. ಹಿಂದೆ ಜೋಳದ ಚೀಲ, ಮುಂದೆ ದಿನ್ನಿ. ಕೂತೇ ತುಳಿದೆ. ಗಾಲಿಯ ಮುಂದಿನ ಡಾಂಬರನ್ನಷ್ಟೇ ನೋಡಿದೆ. ಬಳೆಗಾರರ ಮನೆ, ಪತ್ತಾರರ ಮನೆ. ತೊಡೆಯಲ್ಲಿ ಬೆಂಕಿ. ದರ್ಜಿ ಸಾಹೇಬರ ಮನೆ. ಜಾಲಿಯ ಹಳದಿ ಹೂವುಗಳು ಕಣ್ಣಂಚಿನಲ್ಲಿ ಹಿಂದಕ್ಕೆ ಹೋದವು. ಉಸಿರು ಇನ್ನೂ ಇತ್ತು, ಮನೆಗಳೂ ಇನ್ನೂ ಇದ್ದವು. ಬೇವಿನ ಗಿಡದವರ ಮನೆ ಬಂದಾಗ ದಿನ್ನಿಯ ಬೇವಿನ ನೆರಳೂ ಗಾಲಿಯ ಮುಂದೆ ಬಂತು. ಇನ್ನು ನಮ್ಮ ಮನೆಯೊಂದೇ. ಆ ಸಂತೋಷದಲ್ಲಿ ತಲೆ ಎತ್ತಿದೆ.

ಮೊದಲು ಬಿಳಿ ಧೋತರ ಕಂಡಿತು. ಆಮೇಲೆ ಊರುಗೋಲು. ಆಮೇಲೆ ರುಮಾಲು. ರಸ್ತೆಯ ಬದಿಗೆ ಮಾವನವರು ನಿಂತಿದ್ದರು.

ನಾನು ಇಳಿದೆ.

ಇಳಿಯಬೇಕೆಂದು ಇಳಿದದ್ದಲ್ಲ. ಕಾಲು ತಾನಾಗಿ ದಂಡ ದಾಟಿ ನೆಲಕ್ಕೆ ಬಂತು. ಅಷ್ಟೇ ಅಲ್ಲ, ಒಂದು ಕೈಯಿಂದ ಸೈಕಲ್ ಹಿಡಿದು ಇನ್ನೊಂದರಿಂದ ತಲೆಯ ಮೇಲೆ ಸೆರಗು ಎಳೆದುಕೊಂಡೆ. ಒಂದು ಕೈಗೆ ಆ ಭಾರ ಎಲ್ಲಿ ತಡೆಯಬೇಕು? ಸೈಕಲ್ಲು ವಾಲಿತು, ಚೀಲದ ಬಾಯಿ ಬಿಚ್ಚಿತು, ನನ್ನ ಮಗಳ ತೂಕದ ಜೋಳ ದಿನ್ನಿಯ ಮೇಲಿಂದ ಸರಸರ ಇಳಿಯತೊಡಗಿತು. ಗುಬ್ಬಿಗಳು ಎಲ್ಲಿದ್ದವೋ, ಹೇಳಿ ಕರೆಸಿದ ಹಾಗೆ ಬಂದವು.

ಮಾವನವರು ಜೋಳ ನೋಡಿದರು. ನನ್ನ ತಲೆಯ ಮೇಲಿನ ಸೆರಗು ನೋಡಿದರು. ಮಧ್ಯೆ ಬಾಗಿಲಿರಲಿಲ್ಲ.

"ಯಾಕ ಇಳದಿ?"

"ನೀವು ನಿಂತಿದ್ರಲ್ರಿ."

"ನಾ ನಿಂತಿದ್ದು ನೋಡಾಕ."

"ಅದಕ್ಕ ಇಳದೆರಿ."

ಅವರು ಊರುಗೋಲಿನಿಂದ ಗುಬ್ಬಿಗಳನ್ನು ಓಡಿಸತೊಡಗಿದರು. ಸುದ್ದಿ ಮುಟ್ಟಿ ಮೊರ ಹಿಡಿದುಕೊಂಡು ಓಡಿ ಬಂದ ಖಾಜಾಬೀ ಜೋಳ ಬಳಿಯುತ್ತ, ಕಾಕಾನಿಗೆ ಸೊಸೆ ಮರ್ಯಾದೆ ಕೊಟ್ಟಳು, ಗುಬ್ಬಿಗೆ ನಾಷ್ಟಾ ಕೊಟ್ಟಳು ಎಂದು ತನ್ನಷ್ಟಕ್ಕೆ ಗೊಣಗಿದಳು. ಆಗ ನನಗೆ ಸಿಸ್ಟರ ಮಾತು ನೆನಪಾಯಿತು. ಮೊದಲ ಬಾರಿ ಬಾಗಿಲಿಲ್ಲದೆ ಮಾತಾಡುತ್ತಿದ್ದೇನೆಂಬ ಧೈರ್ಯದಲ್ಲಿ ಅದನ್ನೂ ಹೇಳಿಬಿಟ್ಟೆ. ಒಬ್ಬ ಸಿಸ್ಟರು ಇದ್ದರು, ಬೆಟ್ಟದ ಊರಿನವರು. ಏರಿನ ಮೇಲೆ ಯಾರೂ ಹಿರಿಯರಲ್ಲ ಅನ್ನುತ್ತಿದ್ದರು.

ಮಾವನವರಿಗೆ ಸಿಟ್ಟು ಬರಲಿಲ್ಲ. ಸಿಸ್ಟರನ್ನು ಒಬ್ಬ ದೂರದ ಬೀಗತಿಯೆಂಬಂತೆ ಗೌರವದಿಂದಲೇ ವಿಚಾರ ಮಾಡಿದರು. "ಆಕಿ ಊರಾಗ ನಡೀತಿರಬೇಕು. ಇಲ್ಲಿ ನೀ ಹಂಗ ಹೋದ್ರ ಮಂದಿ ನಿನಗ ಅನ್ನಂಗಿಲ್ಲ, ನನಗ ಅಂತಾರ." ಸೈಕಲ್ಲನ್ನು ನೆಟ್ಟಗೆ ನಿಲ್ಲಿಸುತ್ತ, "ನಾಳಿ ಇನ್ನೊಮ್ಮಿ ಹತ್ತು. ನಾಳಿ ಇಳದ್ರ ಆಳಂದ" ಅಂದರು.

ನೀವು ನಾಳೆ ಮನೆಯಲ್ಲೇ ಇರಿ ಎಂದು ಹೇಳುವುದು ಹೇಗೆ? ಆದರೂ ನನ್ನ ಮುಖದಲ್ಲಿ ಅದು ಕಂಡಿರಬೇಕು. ತಾವು ಅಲ್ಲಿ ನಿಲ್ಲದಿದ್ದರೆ ಆಚೆ ಬದಿಯಿಂದ ಬರುವ ಲಾರಿಗೆ ಕೈ ಮಾಡುವವರು ಯಾರು ಎಂದರು. ಅದೂ ನ್ಯಾಯವೇ. ಅವರು ಅಲ್ಲಿ ಇರಲೇಬೇಕು, ಅವರು ಇದ್ದರೆ ನಾನು ಇಳಿಯಲೇಬೇಕು. ಅತ್ತೆ ಮರುದಿನ ಕಚ್ಚೆ ಬಿಗಿಯುತ್ತ, ಆತನನ್ನು ಮನುಷ್ಯ ಅಂದುಕೊಳ್ಳಬೇಡ, ಬೇವಿನ ಗಿಡ ಅಂದುಕೋ ಎಂದರು. ಅಷ್ಟು ವರುಷದ ಸಂಸಾರದಲ್ಲಿ ಅವರು ಹಾಗೆಯೇ ಮಾಡಿಕೊಂಡು ಬಂದಿದ್ದರೋ ಏನೋ. ಆದರೆ ಗಿಡ ರುಮಾಲು ಸುತ್ತುವುದಿಲ್ಲವಲ್ಲ.

ಮತ್ತೆ ಒರಳುಕಲ್ಲು, ಮತ್ತೆ ದಿನ್ನಿ. ಬಳೆಗಾರರು, ಪತ್ತಾರರು. ಈ ಸಲ ಕಾಲು ಗಟ್ಟಿಯಾಗಿತ್ತು. ದರ್ಜಿ ಸಾಹೇಬರ ಮನೆಯ ಹತ್ತಿರ ಬಲಗೈಯ ಕಿರುಬೆರಳು ತಾನಾಗಿ ಬೂಚನ್ನು ಹುಡುಕಿತು. ಬೇವಿನ ಗಿಡದವರ ಮನೆ. ನೆರಳು ಬಂತು. ಸಿಸ್ಟರು ತುದಿ ನೋಡಬೇಡ ಎಂದಿದ್ದರು. ಆದರೆ ಮಾವನವರು ಎಲ್ಲಿದ್ದಾರೆಂದು ನೋಡದೆ ಮುಂದೆ ಹೋಗುವುದು ನನ್ನಿಂದ ಆಗದ ಮಾತು. ಕಣ್ಣು ಎತ್ತಿದೆ.

ರಸ್ತೆಯ ನಡುವೆ ಖಾಜಾಬೀ ನಿಂತಿದ್ದಳು. ಕೈಯಲ್ಲಿ ಕೆಂಪು ವಸ್ತ್ರ. ಅದನ್ನು ಆಚೆ ಬದಿಗೆ ಬೀಸುತ್ತ, ಈ ಕಡೆ ನನಗೆ ಬಾ ಬಾ ಎಂದು ಕಣ್ಣು ಮಾಡಿದಳು. ಮಾವನವರು ಬೇವಿನ ಬುಡದಲ್ಲಿ ಕೂತಿದ್ದರು, ರಸ್ತೆಗೆ ಬೆನ್ನು ಮಾಡಿ. ಮುಂದೆ ಅವರ ಹೊಲ. ಮುಂಗಾರು ಇನ್ನೂ ಬಂದಿರಲಿಲ್ಲ, ಬಿತ್ತಿರಲಿಲ್ಲ. ಆ ಬೋಳು ಕರಿ ನೆಲದಲ್ಲಿ ನೋಡಲು ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಅದನ್ನೇ ಅವರು ಅತ್ತಿತ್ತ ಕತ್ತು ಹೊರಳಿಸದೆ ನೋಡುತ್ತಿದ್ದರು. ಬಿಳಿ ಅಂಗಿಯ ಆ ಅಗಲವಾದ ಬೆನ್ನಿನ ಎದುರು ನನ್ನ ಕಾಲು ಒಂದು ಕ್ಷಣ ಅನುಮಾನಿಸಿತು. ಬೆನ್ನಿಗೆ ಇಳಿಯುವ ಪದ್ಧತಿ ನಮ್ಮಲ್ಲಿ ಇಲ್ಲವೆಂದು ಆಮೇಲೆ ಅದಕ್ಕೂ ತಿಳಿಯಿತು. ತುಳಿದೆ. ನಮ್ಮ ಮನೆ ಬಂತು. ದಿನ್ನಿ ಮುಗಿಯಿತು.

ಹಿಂದಿನಿಂದ ಮಾವನವರ ದನಿ ಕೇಳಿತು, ತಿರುಗದೆಯೇ ಕೇಳಿದ ದನಿ: "ಖಾಜಾಬೀ, ಯಾರರೆ ಬಂದ್ರೇನು?"

"ಯಾರೂ ಇಲ್ರಿ ಕಾಕಾ. ಗಾಳಿ ಬಂತು, ಹೋತು."

"ಗಾಳಿ ಜೋಳ ಚೆಲ್ಲಿತೇನು?"

"ಇಲ್ರಿ. ಒಂದು ಕಾಳೂ ಇಲ್ಲ."

ನಾನು ನಿಲ್ಲಲಿಲ್ಲ. ಹೆಮ್ಮೆಯಿಂದ ಎಂದು ನೀವು ತಿಳಿಯಬಹುದು. ಇಳಿಯಲು ಕಲ್ಲು ಸಿಗಲಿಲ್ಲ, ಅದಕ್ಕೆ. ಹಿಂದಿನ ದಿನ ಇಳಿದದ್ದು ಭಕ್ತಿಯ ಬಲದಿಂದ, ಅದು ದಿನಾ ಸಿಗುವುದಿಲ್ಲ. ಆಚೆಯ ಇಳಿಜಾರಿನಲ್ಲಿ ಗಾಳಿ ಕಿವಿಗೆ ಬಡಿಯುತ್ತ, ಕಚ್ಚೆ ಬಿಗಿದು, ಸೆರಗು ಹೆಗಲಿನಿಂದ ಹಾರುತ್ತ, ಸಿಸ್ಟರ ಬೆಟ್ಟದ ರಸ್ತೆ ಹೀಗೇ ಇದ್ದಿರಬೇಕು ಎಂದುಕೊಂಡು, ಮೋರಿಯ ಕಟ್ಟೆ ಸಿಗುವ ತನಕ ಹೋದೆ.

ಜೂನಿನಲ್ಲಿ ಶಾಲೆ ಶುರುವಾಯಿತು. ಮೊದಲ ದಿನ ಮನೆಯ ಕಟ್ಟೆಯಿಂದಲೇ ಹತ್ತಿ, ಅಗಸಿಯ ಹತ್ತಿರ ಇಳಿಯಬೇಕಲ್ಲ ಎಂದುಕೊಳ್ಳುತ್ತ ಗಂಟೆ ಬಾರಿಸಿದೆ. ದಿನ್ನಿಯ ಲಾರಿಗಳನ್ನು ಖಾಜಾಬೀಯ ಕೆಂಪು ವಸ್ತ್ರಕ್ಕೆ ಬಿಟ್ಟು, ಅಲ್ಲಿ ಹಿರಿಯರ ಸಾಲಿನಲ್ಲಿ ಮಾವನವರೂ ಇದ್ದರು. ಗಂಟೆಯ ಸದ್ದಿಗೆ ಅವರು ಕಟ್ಟೆಯ ಮೇಲೆ ಕೂತಲ್ಲೇ ಗೋಡೆಯ ಕಡೆ ಹೊರಳಿದರು. ಅವರ ಪಕ್ಕದವರು ಅವರನ್ನು ನೋಡಿ ಹೊರಳಿದರು. ಅವರ ಪಕ್ಕದವರಿಗೆ ಸೊಂಟ ಹಿಡಿದಿತ್ತು, ಪಾಪ, ಅವರೂ ಕೈ ಊರಿ ಹೊರಳಿದರು. ರುಮಾಲುಗಳ ಒಂದು ಸಾಲು ಗೋಡೆಗೆ ಮುಖ ಮಾಡಿ ಕೂತಿತು. ನಾನು ಮಗಳನ್ನು ಹಿಂದೆ ಕೂರಿಸಿಕೊಂಡು, ಇಳಿಯದೆ, ಅಗಸಿ ದಾಟಿದೆ. ಅವಳ ಶಾಲೆ ಮುಗಿಯುವ ತನಕ ದಿನಾ ಬೆಳಿಗ್ಗೆ ಇದೇ ನಡೆಯಿತು. ಯಾರೂ ಅದರ ಬಗ್ಗೆ ಒಂದು ಮಾತು ಆಡಲಿಲ್ಲ. ಖಾಜಾಬೀ ಕೂಡ.

ಮೊನ್ನೆ ಬೂಚಿಗಾಗಿ ನಡೆದ ಜಗಳ ಮುಗಿದ ಮೇಲೆ ಸುವರ್ಣಾ ಅದನ್ನು ಮೂಸಿ ನೋಡಿದಳು, ಸೈಕಲ್ಲಿನದೇ ಇದು ಎಂದು ಗುರುತು ಹಿಡಿದಳು. ದಿನ್ನಿ ನೆನಪಿದೆಯೇ ಎಂದು ಕೇಳಿದೆ. ಅಷ್ಟಾಗಿ ಇಲ್ಲವಂತೆ. ಹಿಂದೆ ಕೂತವರಿಗೆ ಏರು ತಿಳಿಯುವುದಿಲ್ಲ. ಬೂಚನ್ನು ನನ್ನ ಕೈಗೆ ಕೊಡುತ್ತ ಕೇಳಿದಳು.

"ಅವ್ವಾ, ಒಂದು ಕೇಳ್ತೇನಿ. ನಮ್ಮೂರಾಗ ಮುತ್ಯಾಗೋಳೆಲ್ಲ ಮುಂಜಾನೆ ಗ್ವಾಡಿ ಕಡಿ ಮಾರಿ ಮಾಡಿ ಯಾಕ ಕೂಡ್ತಿದ್ರು? ನಾ ಬ್ಯಾರೆ ಊರಾಗ ಎಲ್ಲೂ ನೋಡಿಲ್ಲ."

"ಅದು ನಮ್ಮ ಕಡಿ ಪದ್ಧತಿ" ಎಂದು ಹೇಳಿ, ಬೂಚನ್ನು ಬಾಟಲಿಯ ಬಾಯಿಗೆ ಒತ್ತಿದೆ.